ಹುಲ್ಲಿನ ಕಾಕಾ

ಯುಗಾದಿಯ ಬೇವು ಕುಡಿದ ಬಾಯಿ ಇನ್ನೂ ಆರಿರುವುದಿಲ್ಲ, ಕಾಕಾ ಪಕ್ಕಡ ಹಿಡಿದು ಅಂಗಳಕ್ಕೆ ಇಳಿದಿರುತ್ತಾನೆ. ಕೂಲರಿನ ಹುಲ್ಲು ಬದಲಿಸುವ ಮುಹೂರ್ತ. ಒಲೆಯ ಮೇಲೆ ಹೋಳಿಗೆ ಸೀದರೂ ಸರಿ, ಮನೆಮಂದಿಯೆಲ್ಲ ಹಾಜರಿರಬೇಕು: ಒಬ್ಬರು ಸ್ಕ್ರೂ ಹಿಡಿಯಲು, ಒಬ್ಬರು ಜಾಳಿಗೆ ಹಿಡಿಯಲು, ಒಬ್ಬರು ಬೈಸಿಕೊಳ್ಳಲು.

ಈ ಕಾಕಾ ಇಂಡಿಯಲ್ಲಿದ್ದಾನೆ, ಸಿಂದಗಿಯಲ್ಲಿದ್ದಾನೆ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಲ್ಲೂ ಇದ್ದಾನೆ. ಸರ್ಕಾರ ಈ ನಾಲ್ಕು ತಾಲೂಕುಗಳನ್ನು ಕತ್ತರಿಸಿ ಚಡಚಣ, ದೇವರ ಹಿಪ್ಪರಗಿ, ತಾಳಿಕೋಟಿ, ನಿಡಗುಂದಿ, ಕೊಲ್ಹಾರ ಅಂತ ಹೊಸ ತಾಲೂಕು ಮಾಡಿತು. ಕಾಕಾನ ಹದ್ದು ಮಾತ್ರ ಒಂದಿಂಚೂ ಸರಿಯಲಿಲ್ಲ. ನಿವೃತ್ತ ಮಾಸ್ತರನಿರಲಿ, ಕಂಡಕ್ಟರನಿರಲಿ, ಓಣಿಯೊಳಗೆ ಯಾರ ಕೂಲರ್ ಗುರ್ರ್ ಅಂದರೂ ಕರೆಯದೇ ಬರುತ್ತಾನೆ. "ಹುಲ್ಲ ಹಚ್ಚಾಕ ಮೆಕ್ಯಾನಿಕ್ ಬೇಕೇನ್ರಿ?"

ಅಂದಹಾಗೆ, ಅದು ಹುಲ್ಲೇ ಅಲ್ಲ. ಕಟ್ಟಿಗೆಯನ್ನು ಎಳೆ ಎಳೆಯಾಗಿ ಹೆರೆದದ್ದು. ಇದನ್ನೊಮ್ಮೆ ಕಾಕಾನ ಎದುರು ಹೇಳಿ ಅನುಭವಿಸಿದ್ದೇನೆ. "ಅಂಗಡ್ಯಾವ ಹುಲ್ಲ ಅಂತಾನ, ನೀ ಕಟಗಿ ಅಂತಿ. ರೊಕ್ಕ ಕೊಟ್ಟಾವ ನಾನು!"

ಹಳೇ ಹುಲ್ಲು ಬಿಚ್ಚಿದರೆ ಕಟಕ ರೊಟ್ಟಿ. ಒಂದು ಬೇಸಿಗೆ ಪೂರ್ತಿ ಬೋರಿನ ಸವಳು ನೀರು ಆವಿಯಾಗಿ ಹೋಗಿ, ಬಿಟ್ಟುಹೋದ ಸುಣ್ಣವೆಲ್ಲ ಅಲ್ಲೇ ಗಟ್ಟಿಯಾಗಿರುತ್ತದೆ. ಪಂಪಿನ ಬಾಯಿಗೂ ಅದೇ ಗತಿ. ಇಂಡಿಯ ಕಾಕಾ ಇದಕ್ಕೆ ಊರಿನ ಲಿಂಬೆಹಣ್ಣನ್ನೇ ಕೊಯ್ದು ತಿಕ್ಕುತ್ತಾನೆ. ಹುಳಿ ತಾಗಿದರೆ ಸುಣ್ಣ ಕರಗುತ್ತದೆ, ಶಾಸ್ತ್ರ ಸರಿಯಾಗಿಯೇ ಇದೆ. ಆದರೆ ಬೇಸಿಗೆಯಲ್ಲಿ ಲಿಂಬೆಯ ರೇಟು ಗೊತ್ತಿರುವವಳು ಕಾಕಿ. "ಬಂದವರಿಗೆ ಪಾನಕ ಮಾಡಾಕ ಹಣ್ಣಿಲ್ಲ, ಪಂಪಿಗೆ ಕುಡಿಸಾಕತ್ಯಾರ."

ಕಾಕಾ ನಿಜವಾಗಿ ಎಡವುವುದು ಇದರ ನಂತರ. ಮೂರು ಬದಿಗೆ ಮೂರು ತೆಳು ಹಾಸು ಸಾಕು. ಇವನು ಚೀಲಕ್ಕೆ ಹೊಟ್ಟು ತುಂಬಿದಂತೆ ಒಂದಕ್ಕೆರಡು ತುರುಕುತ್ತಾನೆ. ಹುಲ್ಲು ಹೆಚ್ಚಾದಷ್ಟೂ ತಂಪು ಹೆಚ್ಚು ಅಂತ ಅವನ ಲೆಕ್ಕ. ಗಾಳಿ ಒಳಗೆ ಬರಲು ದಾರಿಯಿಲ್ಲದೆ ಫ್ಯಾನ್ ಏದುಸಿರು ಬಿಡುತ್ತದೆ. ಅಮೆರಿಕದಲ್ಲಿರುವ ಅಳಿಯ ಒಮ್ಮೆ ವಿಡಿಯೋ ಕಾಲಿನಲ್ಲಿ ಮನೆ ಬೆಚ್ಚಗಿಡುವ ಫರ್ನೇಸಿನ ಫಿಲ್ಟರ್ ಬದಲಿಸುತ್ತಿದ್ದ. ರಟ್ಟಿನ ಚೌಕಟ್ಟು, ಗಾಳಿ ಹೋಗುವ ಕಡೆ ಬಾಣದ ಗುರುತು. ಮೂರು ತಿಂಗಳಿಗೊಮ್ಮೆ ಬದಲಿಸಬೇಕು ಮಾವ, ತೀರಾ ದಟ್ಟನೆಯದು ಹಾಕಿದರೆ ಗಾಳಿ ಕಟ್ಟಿ ಮಷಿನ್ ಕೆಡುತ್ತದೆ ಎಂದ. ಕಾಕಾ ಎಲ್ಲ ಕೇಳಿಸಿಕೊಂಡು, "ಹುಲ್ಲಿಲ್ಲದ ಮಷಿನ್ ಏನ ಮಷಿನ್ನೋ?" ಎಂದು ಫೋನನ್ನು ಕಾಕಿಗೆ ದಾಟಿಸಿದ.

ಹುಲ್ಲು ತುರುಕಿದ ಮೇಲೆ ಕಿಟಕಿ. ಕೂಲರ್ ಎಸಿ ಅಲ್ಲ. ಒಣಗಾಳಿ ಒದ್ದೆ ಹುಲ್ಲು ಹಾಯ್ದು ತಂಪಾಗಿ ಒಳಗೆ ಬರಬೇಕು, ತೇವ ಹೊತ್ತು ಆಚೆ ಕಿಟಕಿಯಿಂದ ಹೊರಗೆ ಹೋಗಬೇಕು. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮ ಕಡೆ ಮುಖ ಸುಡುವ ಒಣ ಝಳ ಇರುವುದರಿಂದಲೇ ಈ ತಗಡಿನ ಡಬ್ಬಿಗೆ ಇಷ್ಟು ಮರ್ಯಾದೆ. ಕರಾವಳಿಯಲ್ಲಿ ಇದನ್ನು ಯಾರೂ ಮೂಸುವುದಿಲ್ಲ. ಕಾಕಾ ಮಾತ್ರ ಕಿಟಕಿ, ಬಾಗಿಲು ಎಲ್ಲ ಮುಚ್ಚಿ, ಬಾಗಿಲ ಸಂದಿಗೆ ಗೋಣಿಚೀಲ ತುರುಕುತ್ತಾನೆ. "ರೊಕ್ಕ ಕೊಟ್ಟ ಮಾಡಿದ ತಂಪ ಗಾಳಿ, ಓಣಿಗೆ ಹಂಚಾಕಲ್ಲ." ಅರ್ಧ ತಾಸಿನಲ್ಲಿ ಕೋಣೆ ತುಂಬ ಉಗಿ. ಮೈ ಜಿಗಿಜಿಗಿ, ಹಪ್ಪಳ ಮೆತ್ತಗೆ, ಕ್ಯಾಲೆಂಡರಿನ ಹಾಳೆ ಗೋಡೆಗೆ ಅಂಟಿರುತ್ತದೆ.

"ಹೊಸ ಹುಲ್ಲ, ಇನ್ನಾ ಪಳಗಬೇಕು," ಎಂದು ಕಾಕಾ ರಾತ್ರಿ ಹಾಸಿಗೆ ಸುತ್ತಿಕೊಂಡು ಮಾಳಿಗೆ ಹತ್ತುತ್ತಾನೆ. ಮಿರಗದ ಮಳೆ ಬೀಳುವತನಕ ಅವನು ಮಲಗುವುದು ಅಲ್ಲೇ. ಕೆಳಗೆ ಕಾಕಿ ಬಟನ್ ಆರಿಸಿ, ಒಂದೊಂದು ಬದಿಯಿಂದ ಎರಡೆರಡು ಹಿಡಿ ಹುಲ್ಲು ಜಗ್ಗಿ ಪಾತ್ರೆ ತಿಕ್ಕಲು ತೆಗೆದಿಟ್ಟು, ಕಿಟಕಿ ತೆರೆದು, ಮತ್ತೆ ಬಟನ್ ಹಾಕಿ, ಚಾದರ ಹೊದ್ದು ಮಲಗುತ್ತಾಳೆ.