ಲವಾಸಾದ ಮುಂದಿನ ಮಾಲೀಕರಿಗೆ



ನೀವು ಯಾರೇ ಆಗಿರಿ, ಈ ಪತ್ರ ನಿಮಗೆ. ಪುಣೆಯ ಹತ್ತಿರ ಈ ಗಿರಿಧಾಮ ನಗರ ಕಟ್ಟಲು ಹೊರಟ ಲವಾಸಾ ಕಂಪನಿ 2018ರ ಆಗಸ್ಟ್‌ನಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. 2023ರ ಜುಲೈನಲ್ಲಿ ಕಂಪನಿ ಕಾನೂನು ನ್ಯಾಯಮಂಡಳಿ 1,814 ಕೋಟಿ ರೂಪಾಯಿಯ ಪುನರುಜ್ಜೀವನ ಯೋಜನೆಯೊಂದಕ್ಕೆ ಒಪ್ಪಿಗೆ ಕೊಟ್ಟಿತು. ಯೋಜನೆ ಜಾರಿಯಾಗದೆ 2024ರಲ್ಲಿ ಆ ಒಪ್ಪಿಗೆಯೂ ರದ್ದಾಯಿತು. ಇಷ್ಟಾದ ಮೇಲೂ ಈ ಊರನ್ನು ಕೊಳ್ಳಲು ಮುಂದೆ ಬರುವವರು ದೊಡ್ಡ ಧೈರ್ಯವಂತರೇ ಸರಿ. ಆ ಧೈರ್ಯವನ್ನು ಮೊದಲು ಎಲ್ಲಿ ತೋರಿಸಬೇಕೆಂದು ಹೇಳಲು ಬರೆಯುತ್ತಿದ್ದೇನೆ.

ನಮ್ಮದು ಭೀಮಾತೀರದ ಅಫಜಲಪುರದ ಕಡೆಯಿಂದ ಪುಣೆಗೆ ಬಂದು ನೆಲೆನಿಂತ ಮನೆತನ. ಮಳೆಗಾಲದ ಒಂದು ಶನಿವಾರ ಅವ್ವ, ಹೆಂಡತಿ, ಮಕ್ಕಳನ್ನು ಕರೆದುಕೊಂಡು ಪಿರಂಗುಟ್ ದಾಟಿ, ಟೆಮಘರ್ ಘಾಟಿ ಹತ್ತಿ, ಲವಾಸಾದ ದಾಸ್ವೆಯಲ್ಲಿ ರಾತ್ರಿ ತಂಗಿದ್ದೆವು. ಕೆರೆಯ ದಂಡೆಗೆ ಸಾಲಾಗಿ ನಿಂತ ಹಳದಿ, ಇಟ್ಟಿಗೆಗೆಂಪು, ಕೇಸರಿ ಬಣ್ಣದ ಮನೆಗಳನ್ನು ನೋಡಿ ಮಕ್ಕಳು ಇಟಲಿಗೇ ಬಂದೆವೆಂದು ಕುಣಿದರು. ಅವರ ಸಂತೋಷ ನನಗೂ ನಿಜವೇ. ವಾರವಿಡೀ ಹಿಂಜವಡಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿ ಬೇಯುವ ಊರಿಗೆ ಇಂಥದೊಂದು ಜಾಗ ಬೇಕು. ಕಾರುಗಳ ಕಾಟವಿಲ್ಲದೆ ಕುಟುಂಬಗಳು ನಡೆದಾಡಲಿ ಎಂದು ದಂಡೆಯನ್ನು ಕಲ್ಪಿಸಿದವರ ಆಸೆಯನ್ನು ನಾನು ಹಗುರಾಗಿ ನೋಡುವುದಿಲ್ಲ.

ಆದರೆ ಈ ಊರಿಗೆ ಮಾದರಿಯಾದ ಪೋರ್ಟೊಫಿನೊದ ಕಥೆಯನ್ನು ನೀವು ಪೂರ್ತಿ ಕೇಳಬೇಕು. ಇಟಲಿಯ ಲಿಗೂರಿಯಾ ಕರಾವಳಿಯ ಆ ಹಳೆಯ ಊರು ಇಂದಿಗೂ ಕೆಲವೇ ನೂರು ಜನರದ್ದು. ಬೆಸ್ತರು ಸಮುದ್ರದಿಂದಲೇ ತಮ್ಮ ಮನೆಯನ್ನು ಗುರುತಿಸಲೆಂದು ಗೋಡೆಗೊಂದು ಬಣ್ಣ ಬಳಿಯುತ್ತಿದ್ದರು ಎಂದು ಅಲ್ಲಿ ಹೇಳುತ್ತಾರೆ. ಅದರ ಬೆನ್ನಿಗಿರುವ ಗುಡ್ಡಕ್ಕೆ 1935ರಿಂದಲೇ ಕಾನೂನಿನ ರಕ್ಷಣೆಯಿದೆ. ಮನಸ್ಸಿಗೆ ಬಂದಂತೆ ಕಟ್ಟುವ ಹಾಗಿಲ್ಲ. ನಮ್ಮಲ್ಲಿ ಆದದ್ದು ಬೇರೆ. 2001ರಲ್ಲಿ ಮಹಾರಾಷ್ಟ್ರ ಸರ್ಕಾರ ಮೋಸೆ ಕಣಿವೆಯ 18 ಹಳ್ಳಿಗಳನ್ನು ಗಿರಿಧಾಮವೆಂದು ಘೋಷಿಸಿತು. ಸುಮಾರು 25,000 ಎಕರೆಯ ಮೇಲೆ ಲಕ್ಷಾಂತರ ಜನರ ನಗರವೊಂದು ನಕ್ಷೆಯಲ್ಲಿ ಎದ್ದಿತು. ಪೋರ್ಟೊಫಿನೊದಿಂದ ಬಣ್ಣ ತಂದರು, ಕಮಾನು ತಂದರು. ಗುಡ್ಡವನ್ನು ಕಾಯುವ ಆ ಕಟ್ಟುಪಾಡನ್ನು ಮಾತ್ರ ತರಲಿಲ್ಲ. 2010ರ ನವೆಂಬರ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಕೆಲಸ ನಿಲ್ಲಿಸಲು ಹೇಳಿತು. ಒಂದು ವರ್ಷದ ಮೇಲೆ ಷರತ್ತುಗಳೊಂದಿಗೆ ಅನುಮತಿ ಸಿಕ್ಕಿತಾದರೂ ಊರಿನ ಓಟ ಅಲ್ಲಿಗೇ ಮುಗ್ಗರಿಸಿತ್ತು.

ಕತ್ತಲಾದ ಮೇಲೆ ದಂಡೆಯ ಅಂಗಡಿಗಳಲ್ಲಿ ಕೆಲವಕ್ಕೆ ಮಾತ್ರ ದೀಪವಿತ್ತು. ಮೇಲಿನ ಇಳಿಜಾರಿನಲ್ಲಿ ಮಹಡಿ ಮಹಡಿಯೇ ಕತ್ತಲು. ಅರ್ಧಕ್ಕೆ ನಿಂತ ಕಟ್ಟಡಗಳ ಕಂಬಿಗಳಿಗೆ ತುಕ್ಕು. ಅವುಗಳಲ್ಲಿ ಎಷ್ಟೋ ಮನೆಗಳು ಯಾರೋ ಪಿಂಚಣಿ ದುಡ್ಡು ಹಾಕಿದವು, ಯಾರೋ ಬ್ಯಾಂಕಿನ ಕಂತು ಕಟ್ಟುತ್ತಲೇ ಕಾದವು. ನಿಮ್ಮ ಲೆಕ್ಕದ ಪುಸ್ತಕದಲ್ಲಿ ಅವರು ಸಾಲ ಕೊಟ್ಟ ಬ್ಯಾಂಕುಗಳ ಹಿಂದಿನ ಸಾಲಿನಲ್ಲಿ ನಿಲ್ಲಬಾರದು.

ಅವರಿಗಿಂತಲೂ ಮೊದಲಿನವರು ಇದ್ದಾರೆ. ಮುಳಶಿ ತಾಲೂಕಿನ ರೈತರಿಗೆ ನೆಲ ಕಳೆದುಕೊಳ್ಳುವುದು ಹೊಸತಲ್ಲ. ಟಾಟಾ ವಿದ್ಯುತ್ ಯೋಜನೆಯ ಅಣೆಕಟ್ಟಿನ ವಿರುದ್ಧ ಸೇನಾಪತಿ ಬಾಪಟರ ಜೊತೆ ಅವರು ಸತ್ಯಾಗ್ರಹಕ್ಕಿಳಿದದ್ದು 1921ರಲ್ಲಿ. ಮುಂದೆ ಪಕ್ಕದ ಈ ಮೋಸೆ ಕಣಿವೆಯಲ್ಲಿ ವರಸಗಾಂವ್ ಅಣೆಕಟ್ಟು ಬಂತು. ಜಲಾಶಯಕ್ಕೆಂದು ವಶಪಡಿಸಿಕೊಂಡಿದ್ದ ಭೂಮಿಯ ಒಂದು ಭಾಗವನ್ನು 2002ರಲ್ಲಿ ಸರ್ಕಾರದ ನೀರಾವರಿ ನಿಗಮವೇ ಗಿರಿಧಾಮಕ್ಕೆ ಗುತ್ತಿಗೆ ಕೊಟ್ಟಿತು. ನೀರಿಗೆಂದು ಕೊಟ್ಟ ಹೊಲ ಹೋಟೆಲಿಗೆ ಹೋದರೆ ಕೊಟ್ಟವನ ಹೊಟ್ಟೆ ಉರಿಯದೆ ಇರುತ್ತದೆಯೇ? ದಾಸ್ವೆ, ಮುಗಾಂವ್ ಕಡೆಯ ರೈತರು, ಕಾತ್ಕರಿ ಆದಿವಾಸಿಗಳು ಹೋರಾಟಗಾರ್ತಿ ಮೇಧಾ ಪಾಟ್ಕರ್ ಅವರ ಜೊತೆ ಸೇರಿ ವರ್ಷಗಟ್ಟಲೆ ಕೂಗಿದರು. 2022ರ ಫೆಬ್ರವರಿಯಲ್ಲಿ ಬಾಂಬೆ ಹೈಕೋರ್ಟ್ ಅನುಮತಿಗಳನ್ನು ಕೊಟ್ಟ ರೀತಿಯ ಬಗ್ಗೆ ಕಟುವಾಗಿಯೇ ಮಾತಾಡಿತು. ಆದರೆ ದೂರು ತಡವಾಗಿ ಬಂತೆಂದು ಮಧ್ಯೆ ಪ್ರವೇಶಿಸಲಿಲ್ಲ. ಕೋರ್ಟಿಗೆ ತಡವಾದದ್ದು ನಿಮಗೂ ತಡವಾಯಿತೆಂದು ದಯವಿಟ್ಟು ಅಂದುಕೊಳ್ಳಬೇಡಿ.

ಬೆಳಿಗ್ಗೆ ನೀರಿನ ಬದಿಯ ಕಟ್ಟೆಯ ಮೇಲೆ ಕೂತಿದ್ದ ಅವ್ವ ಕೇಳಿದಳು: "ಯಪ್ಪಾ, ಈ ನೀರು ನಮ್ಮ ಹೊಳಿಗಿ ಬರ್ತದೇನು?"

ಬರುತ್ತದೆ, ಮಾನ್ಯರೇ. ಮೋಸೆ ಹೊಳೆಯ ನೀರು ಖಡಕವಾಸಲಾ ಜಲಾಶಯ ಸೇರುತ್ತದೆ, ಪುಣೆಯ ನಲ್ಲಿಗಳಿಗೆ ಹರಿಯುತ್ತದೆ. ಮಿಕ್ಕದ್ದು ಮುಠಾ ಆಗಿ ಮುಳಾವನ್ನು ಕೂಡಿ ಭೀಮೆಗೆ ಇಳಿದು, ಉಜನಿ ಜಲಾಶಯ, ಪಂಢರಪುರ ದಾಟಿ ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳಿಗೆ ಬರುತ್ತದೆ. ಕೊನೆಗೆ ರಾಯಚೂರಿನ ಬಳಿ ಕೃಷ್ಣೆಗೆ ಸೇರುತ್ತದೆ. ಬೇಸಿಗೆಯಲ್ಲಿ ಉಜನಿಯಿಂದ ಒಂದಿಷ್ಟು ನೀರು ಬಿಡಿ ಎಂದು ನಮ್ಮ ಜನ ಅಂಗಲಾಚುವುದನ್ನು, 2020ರ ಅಕ್ಟೋಬರ್‌ನಲ್ಲಿ ಅದೇ ಭೀಮೆ ಊರೂರು ನುಗ್ಗಿದ್ದನ್ನು ಕಂಡ ಮನೆ ನಮ್ಮದು. ಹಾಗಾಗಿ ಈ ಕಣಿವೆಯ ಇಳಿಜಾರನ್ನು ಎಷ್ಟು ಕಡಿಯುತ್ತೀರಿ, ಹೊಲಸು ನೀರನ್ನು ಎಲ್ಲಿಗೆ ಬಿಡುತ್ತೀರಿ ಎಂದು ಕೇಳುವ ಹಕ್ಕು ಪುಣೆಯವರಿಗಿದ್ದಷ್ಟೇ ಅಫಜಲಪುರದವರಿಗೂ ಇದೆ.

ನಾನು ಕೇಳುವುದು ದೊಡ್ಡದೇನಲ್ಲ. ಹೊಸ ಗುಡ್ಡಕ್ಕೆ ಜೆಸಿಬಿ ಹತ್ತಿಸಬೇಡಿ; ದಾಸ್ವೆಯಲ್ಲಿ ನಿಂತಿರುವುದನ್ನು ಮುಗಿಸಿ, ದುಡ್ಡು ಕಟ್ಟಿದವರಿಗೆ ಮನೆ ಕೊಡಿ. ಯಾವ ಹಳ್ಳಿಯ ಯಾವ ಸರ್ವೆ ನಂಬರಿನ ಭೂಮಿ ಯಾರಿಂದ, ಎಷ್ಟಕ್ಕೆ ಬಂತು ಎಂಬ ಪಟ್ಟಿಯನ್ನು ಮರಾಠಿಯಲ್ಲಿ ಬರೆಸಿ ಆಯಾ ಗ್ರಾಮ ಪಂಚಾಯಿತಿಯ ಗೋಡೆಗೆ ಹಚ್ಚಿಸಿ. ತಕರಾರಿದ್ದವರನ್ನು ಕರೆದು ಕೂರಿಸಿ ಮಾತಾಡಿ. ಗೋಡೆಗಳಿಗೆ ಹೊಸ ಬಣ್ಣ ಹಚ್ಚುವುದು ಇಷ್ಟೆಲ್ಲ ಆದ ಮೇಲಿರಲಿ.

ಇಂತಿ,
ಭೀಮಾತೀರದಿಂದ ಬಂದ ಪುಣೆಯ ಕನ್ನಡಿಗ