ಮೇಷ್ಟ್ರ ಮಾರ್ಜಿನ್ನು

ಬೆಳಗ್ಗೆ 9.15ರಿಂದ ಮಧ್ಯಾಹ್ನ 3.30ರವರೆಗೆ ನಮ್ಮ ಮೇಷ್ಟ್ರು ಯಾರ ಕೈಗೂ ಸಿಗುವುದಿಲ್ಲ. ಇದು ಗ್ಯಾಸಿನವನಿಗೆ ಗೊತ್ತು, ಹೂವಿನವಳಿಗೆ ಗೊತ್ತು, ಊರಿಂದ ಮದುವೆ ಕರೆಯಲು ಬರುವ ನೆಂಟರಿಗೂ ಈಚೆಗೆ ಗೊತ್ತಾಗಿದೆ. ಮಂಗಳವಾರ ಮಾತ್ರ ಮೂರಕ್ಕೇ ಹೊರಗೆ ಬರುತ್ತಾರೆ, ಆಗ ರಾಹುಕಾಲ ಶುರು. ಶುಕ್ರವಾರ ಹತ್ತೂವರೆಯಿಂದ ಹನ್ನೆರಡರವರೆಗೂ ಅದೇ ಕಾರಣಕ್ಕೆ ರಜ. ಮುಂಬಯಿ ಷೇರುಪೇಟೆಯವರ ಕಣ್ಣಿಗೆ ಬೀಳದ ರಾಹು ಮೈಸೂರಿನ ಕುವೆಂಪುನಗರದಲ್ಲಿ ಮೇಷ್ಟ್ರ ಕಣ್ಣಿಗೆ ಸರಿಯಾಗಿ ಬೀಳುತ್ತಾನೆ.

ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ರಿಟೈರಾದವರು. ನನಗೆ ಸಮಾಸ ಕಲಿಸಿದವರೂ ಅವರೇ. ಬಹುವ್ರೀಹಿ ನೆನಪಾದಾಗಲೆಲ್ಲ ನನ್ನ ಎಡಗಿವಿ ಈಗಲೂ ಬಿಸಿಯಾಗುತ್ತದೆ. ಬೆಂಗಳೂರಿನಲ್ಲಿರುವ ಮಗ ಒಂದು ಯುಗಾದಿಗೆ ಬಂದವನು, ಅಪ್ಪನಿಗೆ ಹೊತ್ತು ಹೋಗದೆ ಅಮ್ಮನ ಅಡುಗೆಯಲ್ಲಿ ತಪ್ಪು ಹುಡುಕುತ್ತಿರುವುದನ್ನು ಕಂಡು, ಡಿಮ್ಯಾಟ್ ಖಾತೆ ತೆರೆದು ಐವತ್ತು ಸಾವಿರ ಹಾಕಿ ಹೋದ. ದುಡ್ಡು ಮೇಷ್ಟ್ರನ್ನು ಕಾಡಲಿಲ್ಲ. ಕಾಡಿದ್ದು ಪದಗಳು. ಮೊಬೈಲಿಗೆ ಬರುವ ಒಂದೊಂದು ಮೆಸೇಜಿನಲ್ಲೂ ನಾಲ್ಕು ಗೊತ್ತಿಲ್ಲದ ಪದ! ಅರ್ಥ ತಿಳಿಯದ ಪದವನ್ನು ಮನೆಯಲ್ಲಿಟ್ಟುಕೊಂಡು ಮಲಗುವ ಜಾಯಮಾನ ಅವರದಲ್ಲ. ಇನ್ನೂರು ಪುಟದ ನೋಟ್‌ಬುಕ್ ತಂದರು, ಮೊದಲ ಪುಟದ ನಾಲ್ಕು ಮೂಲೆಗೂ ಅರಿಶಿನ ಹಚ್ಚಿ ‘ಶ್ರೀ’ ಬರೆದರು, ಎಡಕ್ಕೆ ಕೆಂಪು ಗೆರೆ ಎಳೆದು ಮಾರ್ಜಿನ್ ಬಿಟ್ಟರು.

ತಂಟೆ ಶುರುವಾದದ್ದೂ ಆ ಮಾರ್ಜಿನ್ನಿನಿಂದಲೇ. ಮಾರ್ಜಿನ್ ಅಂದರೆ ಹುಡುಗರು ಮುಟ್ಟಬಾರದ, ಮೇಷ್ಟ್ರು ಮಾತ್ರ ಬರೆಯಬೇಕಾದ ಜಾಗ ಎಂದು ನಂಬಿ ಬದುಕಿದವರಿಗೆ ಬ್ರೋಕರ್ ಆಫೀಸಿನ ಹುಡುಗ ಫೋನ್ ಮಾಡಿ, “ಸರ್, ನಿಮ್ಮ ಮಾರ್ಜಿನ್ ಸಾಲಲ್ಲ” ಅಂದ. “ಒಂದಿಂಚು ಬಿಟ್ಟಿದ್ದೀನಲ್ಲಪ್ಪ” ಎಂದರು ಇವರು. ಷೇರು ಒತ್ತೆಯಿಟ್ಟರೆ ಮಾರ್ಜಿನ್ ಸಿಗುತ್ತದೆ, ಆದರೆ ಹೇರ್‌ಕಟ್ ಇರುತ್ತದೆ ಎಂದು ಅವನು ಮುಂದುವರಿಸಿದಾಗ ಮೇಷ್ಟ್ರು ತಮ್ಮ ಬೋಳುತಲೆ ಸವರಿಕೊಂಡರು. ನೂರು ರೂಪಾಯಿ ಷೇರಿಗೆ ನೂರನ್ನೂ ಲೆಕ್ಕ ಹಿಡಿಯುವುದಿಲ್ಲ, ಒಂದಿಷ್ಟು ಕತ್ತರಿಸಿಯೇ ಹಿಡಿಯುತ್ತಾರೆ ಎಂಬುದನ್ನು ಬಿಡಿಸಿದ್ದು ಮನೆಯಾಕೆ. ಬೀದಿಯ ಹೆಂಗಸರ ಚೀಟಿಯನ್ನು ವರ್ಷಗಟ್ಟಲೆ ನೋಡಿಕೊಂಡು ಬಂದವರು ಅವರು. ಹುರುಳಿಕಾಯಿ ನಾರು ತೆಗೆಯುತ್ತಲೇ, “ಕಸರು ಹಿಡಕೊಂಡು ಕೊಡ್ತಾರೆ ಅನ್ನಿ. ಅದಕ್ಯಾಕೆ ಕ್ಷೌರದ ಮಾತು?” ಅಂದರು. ಮೇಷ್ಟ್ರು ಕಸರನ್ನು ಬರೆದುಕೊಂಡರು. ಹೇಳಿದವರ ಹೆಸರು ಬರೆಯಲಿಲ್ಲ.

ಕರೆಕ್ಷನ್ ಎಂಬ ಪದದ ಮೇಲಂತೂ ಅವರಿಗೆ ನಿಜವಾದ ಸಿಟ್ಟಿದೆ. ಪೇಟೆ ಶೇ 10ರಷ್ಟು ಇಳಿದರೆ ಕರೆಕ್ಷನ್ನು, ಶೇ 20 ಇಳಿದರೆ ಕರಡಿ ಬಂತು ಎನ್ನುವುದು ಅಲ್ಲಿನ ವಾಡಿಕೆ. “ಜೀವಮಾನವಿಡೀ ಕರೆಕ್ಷನ್ ಮಾಡಿದವನು ನಾನು. ತಪ್ಪನ್ನ ತಿದ್ದಿದರೆ ತಾನೆ ಕರೆಕ್ಷನ್ನು? ಇವರು ನನ್ನ ದುಡ್ಡನ್ನೇ ತಪ್ಪು ಅಂತ ಹೊಡೆದು ಹಾಕಿದರೆ?”

ಒಂದು ಸಂಜೆ ದರ್ಶಿನಿಯಲ್ಲಿ ನಾನೇ ಜೊತೆಗಿದ್ದೆ. ಷೇರು ಏರುತ್ತದೆಂದು ಕೊಂಡಿಟ್ಟುಕೊಳ್ಳುವುದಕ್ಕೆ ಲಾಂಗ್ ಎನ್ನುತ್ತಾರೆಂದು ಅಂದೇ ಕಲಿತಿದ್ದರು. ಫೋನು ಬಂತು. ಕ್ಲಾಸಿನ ಕೊನೆಯ ಬೆಂಚಿಗೂ ಕೇಳುವ ಅದೇ ದನಿಯಲ್ಲಿ, “ಲಾಂಗ್ ಹಿಡಿದಿದ್ದೀನಿ ಕಣಯ್ಯ, ಯಾರು ಬಿದ್ದರೂ ಬಿಡಲ್ಲ. ಗುರುವಾರ ಒಂದು ಕಾಲ್ ತೆಗೆಯೋಣ ಅಂತಿದ್ದೀನಿ” ಎಂದರು. ಕನ್ನಡ ಸಿನಿಮಾ ನೋಡಿ ಬೆಳೆದ ಊರು ನಮ್ಮದು. ಲಾಂಗು ಅಂದರೆ ಏನೆಂದು ಯಾರಿಗೂ ಹೇಳಿಕೊಡಬೇಕಿಲ್ಲ. ಪಕ್ಕದಲ್ಲಿ ನಿಂತು ತಿನ್ನುತ್ತಿದ್ದವರು ಇಡ್ಲಿಗೆ ಚಮಚ ಚುಚ್ಚಿದ್ದು ಚುಚ್ಚಿದ ಹಾಗೇ ತಟ್ಟೆ ಎತ್ತಿಕೊಂಡು ಆಚೆ ಕಂಬದ ಹತ್ತಿರ ಹೋದರು.

ಆ ಕಾಲನ್ನು, ಅಂದರೆ ಕಾಲ್ ಆಪ್ಷನ್ನನ್ನು, ಅವರು ತೆಗೆಯಲಿಲ್ಲ. ಫ್ಯೂಚರ್ಸ್ ಮತ್ತು ಆಪ್ಷನ್ಸ್ ಆಟದಲ್ಲಿ ಬಿಡಿ ಹೂಡಿಕೆದಾರರ ಪೈಕಿ ಶೇ 93ರಷ್ಟು ಮಂದಿ ಕಳೆದುಕೊಂಡಿದ್ದಾರೆಂದು ಸೆಬಿ 2024ರಲ್ಲಿ ಹೊರಡಿಸಿದ ವರದಿ ಅವರ ಕಣ್ಣಿಗೆ ಬಿತ್ತು. “ನೂರಕ್ಕೆ ಏಳು ಪಾಸು! ನಮ್ಮ ಸ್ಕೂಲಿನಲ್ಲಿ ಈ ರಿಸಲ್ಟ್ ಬಂದಿದ್ದರೆ ಇನ್‌ಕ್ರಿಮೆಂಟ್ ಕಟ್ಟಾಗ್ತಿತ್ತು” ಎಂದು ಪುಟ ಮಗುಚಿದರು. ಅವರ ಬಳಿ ಇರುವುದು ಮೂರು ಕಂಪನಿಗಳ ಒಂದು ಹಿಡಿ ಷೇರು ಅಷ್ಟೆ. ಒಮ್ಮೆ ಎಂಬತ್ತು ರೂಪಾಯಿ ಡಿವಿಡೆಂಡ್ ಬಂದಾಗ ನನಗೆ ಮಸಾಲೆದೋಸೆ ಕೊಡಿಸಿದರು, ಬಿಲ್ಲು ನೂರ ನಲವತ್ತಾಯಿತು.

ಪದಗಳ ಆಸ್ತಿ ಮಾತ್ರ ಬೆಳೆಯುತ್ತಲೇ ಇದೆ. ಷೇರುಪೇಟೆ ಎಂಬ ಮಾತೇ ಅರಿಸಮಾಸ ಎಂದು ಅವರ ತೀರ್ಪು: ಇಂಗ್ಲಿಷಿನ ಷೇರು, ಕನ್ನಡದ ಪೇಟೆ, ಕೂಡಬಾರದವು ಕೂಡಿದ ಮೇಲೆ ಗಂಡಾಂತರ ತಪ್ಪಿದ್ದಲ್ಲ. ದಲಾಲ್ ಸ್ಟ್ರೀಟ್ ಎಂದರೆ ನಮ್ಮ ದಲ್ಲಾಳಿ ಬೀದಿಯೇ ಎಂದು ಗೊತ್ತಾದ ದಿನ ಅವರ ಮುಖ ನೋಡಬೇಕಿತ್ತು. 1875ರಲ್ಲಿ ಸಂಘ ಕಟ್ಟುವ ಮೊದಲು ಅಲ್ಲಿನ ದಲ್ಲಾಳಿಗಳು ಆಲದ ಮರದ ಕೆಳಗೆ ಸೇರುತ್ತಿದ್ದರೆಂದು ಓದಿ, “ಹಾಗಾದರೆ ಅದೂ ಅರಳಿಕಟ್ಟೆ ಪಂಚಾಯ್ತಿಯೇ” ಎಂದರು. ದೀಪಾವಳಿಯ ಮುಹೂರ್ತ ಟ್ರೇಡಿಂಗ್ ಎಂಬುದು ಪಂಚಾಂಗದ ಹೊರತು ಇನ್ನಾವ ನಿಘಂಟನ್ನೂ ಕೇಳದ ಪದವಾದ್ದರಿಂದ ಅದನ್ನು ಕೆಂಪು ಇಂಕಿನಲ್ಲಿ ಬರೆದಿದ್ದಾರೆ. ಇನ್ನು ಗೂಳಿ. ಮುಂಬಯಿಯ ಷೇರುಪೇಟೆ ಕಟ್ಟಡದೆದುರು ಕಂಚಿನ ಗೂಳಿ ಕೊಂಬು ಎತ್ತಿ ನಿಂತಿರುವ ಚಿತ್ರ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ನೋಡಿದರು. “ನಮ್ಮ ಚಾಮುಂಡಿ ಬೆಟ್ಟದ್ದು ಕೂತಿದೆಯಲ್ಲ, ಏರಲ್ಲ, ಇಳಿಯಲ್ಲ. ಸೈಡ್‌ವೇಸ್ ಮಾರ್ಕೆಟ್ಟು!” ನಂದಿಗೆ ಯಾವ ಟಿವಿ ಪಂಡಿತನೂ ಇಷ್ಟು ಒಳ್ಳೆಯ ವ್ಯಾಖ್ಯಾನ ಬರೆಯಲಾರ.

2024ರ ಜೂನ್ 4ರಂದು, ಲೋಕಸಭೆ ಫಲಿತಾಂಶದ ದಿನ, ಸೆನ್ಸೆಕ್ಸ್ ನಾಲ್ಕು ಸಾವಿರಕ್ಕೂ ಹೆಚ್ಚು ಅಂಕ ಕುಸಿಯಿತು. ಸಮಾಧಾನ ಹೇಳೋಣವೆಂದು ಹೋದರೆ ಮೇಷ್ಟ್ರು ಜಗುಲಿಯಲ್ಲಿ ಕೂತು ಹೊಸ ಪದ ಬರೆಯುತ್ತಿದ್ದರು: ನೋಷನಲ್ ಲಾಸ್. ಮಾರುವವರೆಗೂ ನಷ್ಟ ನಷ್ಟವಲ್ಲ, ಬರೀ ಭಾವನೆ ಎಂದು ನನಗೆ ವಿವರಿಸಿದರು. ಒಳಗಿನಿಂದ ಮನೆಯಾಕೆ, “ಚೀಟಿ ಎತ್ತೋವರೆಗೂ ಲಾಭಾನೂ ಭಾವನೇನೇ” ಅಂದರು. ಅದನ್ನೂ ಬರೆದುಕೊಂಡರು.

ಕಳೆದ ತಿಂಗಳು ಮಗ ಫೋನಿನಲ್ಲೇ ದಾರಿ ಹೇಳಿ ಆ್ಯಪನ್ನು ಕನ್ನಡಕ್ಕೆ ತಿರುಗಿಸಿಕೊಟ್ಟ. ಮರುದಿನ 9.20ಕ್ಕೆ ನಮ್ಮ ಮನೆ ಬೆಲ್ಲು ಬಾರಿಸಿತು. ಆ ಹೊತ್ತಿನಲ್ಲಿ ಮೇಷ್ಟ್ರನ್ನು ಬಾಗಿಲಲ್ಲಿ ಕಂಡು ಎದೆ ಧಸಕ್ಕೆಂದಿತು. ಬನಿಯನ್ನಿನಲ್ಲೇ ಬಂದಿದ್ದಾರೆ, ಒಂದು ಕೈಯಲ್ಲಿ ಮೊಬೈಲು, ಕಂಕುಳಲ್ಲಿ ನೋಟ್‌ಬುಕ್ಕು.

“ಏನೋ ಇದು, ‘ನಿಮ್ಮ ಸ್ಥಾನವನ್ನು ಚೌಕಗೊಳಿಸಿ’ ಅಂತಾನೆ? ಎಲ್ಲಿ ಕೂರಬೇಕು ನಾನು?”

ನೋಡಿದೆ. “ಅದು ಸ್ಕ್ವೇರ್ ಆಫ್ ಸರ್. ಕೊಂಡದ್ದನ್ನ ಮಾರಿ ಲೆಕ್ಕ ಮುಗಿಸೋದು.”

“ಈ ‘ಪ್ರಚೋದಕ ಬೆಲೆ’?”

“ಟ್ರಿಗರ್ ಪ್ರೈಸ್.”

“ಹಾಗಂತ ಕನ್ನಡದಲ್ಲಿ ಹೇಳೋಕೇನು ರೋಗ ಇವರಿಗೆ!” ಎಂದವರೇ ನಮ್ಮ ಸೋಫಾದಲ್ಲಿ ಕೂತರು. ನೋಟ್‌ಬುಕ್ಕನ್ನು ತಿರುವಿ ಹಾಕಿ ಕೊನೆಯ ಪುಟ ತೆರೆದರು, ನನ್ನ ಮಗಳ ಸ್ಕೇಲು ಇಸಿದುಕೊಂಡು ಕೆಂಪು ಗೆರೆ ಎಳೆದರು. ಗೆರೆಯ ಆಚೆಗೆ ಕನ್ನಡದ ಪದ, ಈಚೆಗೆ ಅದರ ಇಂಗ್ಲಿಷ್ ಅರ್ಥ.