ಅಮಾಸೆಬೈಲು ಸೀಮೆಯ ವ್ಯಾನಿಟಿ ಬ್ಯಾಗುಗಳಲ್ಲಿ ಸೂಕ್ಷ್ಮಜೀವಿಗಳ ಗೇಣಿ ಹಕ್ಕು: ಒಂದು ಶಾಸ್ತ್ರೀಯ ಜಿಜ್ಞಾಸೆ

ಪೀಠಿಕೆ

ವ್ಯಾನಿಟಿ ಬ್ಯಾಗಿನ ಒಡೆತನ ಯಾರದು? ಕೇಳಿದ ಕೂಡಲೇ ಅಮಾಸೆಬೈಲಿನ ಯಾವ ಹೆಂಗಸಾದರೂ ಬ್ಯಾಗನ್ನು ಕಂಕುಳಿಗೆ ಒತ್ತಿಕೊಂಡು ‘ಇದ್ ನಂದೇ’ ಅಂದಾರು. ಬೇಕಾದರೆ ಅಂಗಡಿಯ ಬಿಲ್ಲನ್ನೂ ತೋರಿಸಿಯಾರು. ಆದರೆ ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ ಅನ್ನ ಉಂಡವರಿಗೆ ಈ ವಿಷಯದಲ್ಲಿ ಪಾಠ ಹೇಳಬೇಕಾಗಿಲ್ಲ. ಕಾಗದ ಒಬ್ಬರ ಹೆಸರಿನಲ್ಲಿರುತ್ತದೆ, ಅನುಭೋಗ ಇನ್ನೊಬ್ಬರದಾಗಿರುತ್ತದೆ. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿಯ ಕಾಲದಲ್ಲಿ ಏಳನೇ ನಂಬರ್ ಫಾರಂ ತುಂಬಿ ಡಿಕ್ಲರೇಶನ್ ಕೊಟ್ಟ ಒಕ್ಕಲುಗಳು ಒಡೆಯರಾಗಿ ಎದ್ದು ನಿಂತದ್ದು ಇದೇ ಜಿಲ್ಲೆಯಲ್ಲಿ. ಸ್ವಂತ ವಾಸ, ಸ್ವಂತ ದುಡಿಮೆ, ತಲೆತಲಾಂತರದ ಅನುಭೋಗ ಇಷ್ಟನ್ನು ತೋರಿಸಿದರೆ ಸಾಕಿತ್ತು. ಸೂಕ್ಷ್ಮಜೀವಿಗಳು ಇವಿಷ್ಟನ್ನೂ ತೋರಿಸಬಲ್ಲವು. ಅವುಗಳಿಗೆ ತಲೆಮಾರು ಕಳೆಯಲು ಅನುಕೂಲದ ಹವೆಯಲ್ಲಿ ಅರ್ಧ ಗಂಟೆಯೂ ಬೇಡವಾದ್ದರಿಂದ, ಕುಂದಾಪುರದ ಸಂತೆಗೆ ಹೋಗಿ ಬರುವಷ್ಟರಲ್ಲಿ ಮರಿಮಕ್ಕಳ ಮರಿಮಕ್ಕಳಿಗೂ ವಾರಸು ಹಕ್ಕು ಬಂದಿರುತ್ತದೆ. ಫಾರಂ ತುಂಬಲು ಕೈ ಇಲ್ಲವೆಂಬುದೊಂದೇ ಅವುಗಳ ಕೊರತೆ. ಆ ಕೊರತೆಯನ್ನು ನೀಗಿಸಲು ಈ ಪ್ರಬಂಧ ಹೊರಟಿದೆ.

ಕ್ಷೇತ್ರದ ಬಗ್ಗೆ ಎರಡು ಮಾತು. ಅಮಾಸೆಬೈಲು ಕುಂದಾಪುರ ತಾಲೂಕಿನಲ್ಲಿ ಘಟ್ಟದ ಬುಡಕ್ಕೆ ಒರಗಿ ಕೂತ ಊರು. ಎ.ಜಿ. ಕೊಡ್ಗಿಯವರ ಮುಂದಾಳತ್ವದಲ್ಲಿ 2016ರ ಹೊತ್ತಿಗೆ ಇಲ್ಲಿ ಮನೆಮನೆಗೂ ಸೋಲಾರ್ ದೀಪ ಬಂತು. ಇಡೀ ಗ್ರಾಮದಲ್ಲಿ ಬೆಳಕು ತಲುಪದೆ ಉಳಿದ ಜಾಗವೆಂದರೆ ವ್ಯಾನಿಟಿ ಬ್ಯಾಗಿನ ಒಳ ಜಿಪ್ಪೊಂದೇ.

ಅಧ್ಯಾಯ ಒಂದು: ಕಾಲಿಲ್ಲದ ವಸ್ತುವಿಗೆ ಕಾಲು ತೊಳೆಯುವ ವಿಧಿ ಉಂಟೇ?

ನಮ್ಮ ಕಡೆಯ ಶೌಚಶಾಸ್ತ್ರ ಸಾಮಾನ್ಯದ್ದಲ್ಲ. ಚಪ್ಪಲಿ ಅಂಗಳದಲ್ಲಿ ಉಳಿಯಬೇಕು. ಕೊಡೆ ಜಗಲಿಯ ಮೂಲೆ ದಾಟಬಾರದು. ಬಂದವರು ಯಾರೇ ಇರಲಿ, ತಂಬಿಗೆ ನೀರಿನಲ್ಲಿ ಕಾಲು ತೊಳೆಯದೆ ಒಳಗೆ ಕಾಲಿಡಬಾರದು. ಹಿಮ್ಮಡಿ ಒದ್ದೆಯಾಗದೆ ಉಳಿದರೆ ಅಜ್ಜಿಯ ಕಣ್ಣಿಗೆ ಬೀಳದೆ ಇರುವುದಿಲ್ಲ. ಸಾವಿನ ಮನೆಯಿಂದ ಬಂದರೆ ಸ್ನಾನ, ಕ್ಷೌರದಂಗಡಿಯಿಂದ ಬಂದರೆ ಸ್ನಾನ. ಕಮಲಶಿಲೆಯಲ್ಲಂತೂ ಮಳೆಗಾಲದಲ್ಲಿ ಕುಬ್ಜಾ ನದಿಯೇ ಗರ್ಭಗುಡಿಗೆ ಉಕ್ಕಿ ಬಂದು ದೇವಿಗೆ ಮೀಯಿಸಿ ಹೋಗುತ್ತಾಳೆ.

ಈ ವಿಧಿನಿಷೇಧಗಳ ಕಾಡಿನ ನಡುವೆ ವ್ಯಾನಿಟಿ ಬ್ಯಾಗು ಮಾತ್ರ ಯಾವ ತಡೆಯೂ ಇಲ್ಲದೆ ಮನೆಯೊಳಕ್ಕೆ ನಡೆದುಹೋಗುತ್ತದೆ. ಬೆಳಿಗ್ಗೆ ಅದು ಗೇರುಬೀಜದ ಕಾರ್ಖಾನೆಯ ಗೋಡೆಯ ಮೊಳೆಗೆ ಬಿದ್ದಿತ್ತು. ಮಧ್ಯಾಹ್ನ ಆಸ್ಪತ್ರೆಯ ಬೆಂಚಿನ ಅಡಿಯಲ್ಲಿ ಕೂತಿತ್ತು. ಸಂಜೆ ಬಸ್ಸಿನಲ್ಲಿ ಸೀಟು ಸಿಗದೆ ಕಾಲಬುಡಕ್ಕೆ ಇಳಿದಿತ್ತು. ಅಲ್ಲಿ ಯಾರದೋ ಕೋಳಿ ಒಂದು ಗೋಣಿಯಲ್ಲಿತ್ತು, ಇನ್ಯಾರದೋ ಒಣಮೀನಿನ ಕಟ್ಟು ಪಕ್ಕದಲ್ಲಿತ್ತು. ರಾತ್ರಿ ಹರಕೆಯಾಟಕ್ಕೆ ಹೋದರೆ ಗದ್ದೆಯ ನೆಲದ ಮೇಲೆ ಅದೇ ತಲೆದಿಂಬು. ಇಷ್ಟು ಲೋಕಸಂಚಾರ ಮಾಡಿ ಮನೆಗೆ ಬಂದದ್ದು ನೇರ ಊಟದ ಮೇಜಿನ ಮೇಲೆ, ಇಲ್ಲವಾದರೆ ಬಾಣಂತಿಯ ಮಂಚದ ಮೇಲೆ. ಹೊತ್ತು ತಂದವರು ಮಾತ್ರ ಅಂಗಳದಲ್ಲಿ ನಿಂತು ಕಾಲು ಉಜ್ಜುತ್ತಿರುತ್ತಾರೆ.

ಇದಕ್ಕೆ ಪೂರ್ವಪಕ್ಷದವರ ವಾದ ಬಲವಾಗಿಯೇ ಇದೆ. ಒಬ್ಬ ಹಿರಿಯ ಹೆಂಗಸಿನಲ್ಲಿ ಈ ಸಂಶಯ ಮಂಡಿಸಿದಾಗ ಅವರು ಒಂದೇ ವಾಕ್ಯದಲ್ಲಿ ತಳ್ಳಿಹಾಕಿದರು: ‘ಬ್ಯಾಗ್ ಎಂತ ಗದ್ದಿಗ್ ಇಳ್ದಿತಾ?’ ಅಂದರೆ ನಡೆದದ್ದು ಮನುಷ್ಯ, ಬ್ಯಾಗು ಬರೇ ಸವಾರಿ ಮಾಡಿದೆ. ನಡೆಯದ್ದಕ್ಕೆ ಪಾದವಿಲ್ಲ, ಪಾದವಿಲ್ಲದ್ದಕ್ಕೆ ಪ್ರಕ್ಷಾಲನವಿಲ್ಲ. ತರ್ಕ ಸೊಗಸಾಗಿದೆ. ಆದರೆ ಸಿದ್ಧಾಂತ ಪಕ್ಷದ ಕೈಯಲ್ಲಿ ಒಂದು ಪ್ರಮಾಣವಿದೆ. ಹೆಚ್ಚು ಬೆಲೆಯ ಬ್ಯಾಗುಗಳ ತಳದಲ್ಲಿ ನಾಲ್ಕು ಹಿತ್ತಾಳೆಯ ಗುಂಡಿಗಳಿರುತ್ತವೆ, ನೆಲಕ್ಕೆ ಚರ್ಮ ತಾಗದಿರಲೆಂದು ಇಟ್ಟವು. ಅವು ಪಾದಗಳಲ್ಲದೆ ಮತ್ತೇನು? ಆದ್ದರಿಂದ ಸಾವಿರದೈನೂರರ ಬ್ಯಾಗಿಗೆ ಪಾದಪ್ರಕ್ಷಾಲನೆ ಕಡ್ಡಾಯ, ಇನ್ನೂರೈವತ್ತರ ರೆಕ್ಸಿನ್ ಬ್ಯಾಗಿಗೆ ವಿನಾಯಿತಿ ಎಂಬಲ್ಲಿಗೆ ಶಾಸ್ತ್ರ ಬಂದು ನಿಲ್ಲುತ್ತದೆ. ಬಡವರ ಪರವಾದ ಶಾಸ್ತ್ರ ಅಪರೂಪ; ಕೆಡಿಸುವುದು ಬೇಡ.

ಕೊರೋನಾ ಬಂದ 2020ರಲ್ಲಿ ಹಾಲಿನ ಪ್ಯಾಕೆಟ್ಟಿಗೆ ಸೋಪು ಹಚ್ಚಿದೆವು, ನೋಟಿಗೆ ಇಸ್ತ್ರಿ ಹಾಕಿದೆವು, ಬದನೆಕಾಯಿಗೆ ಅರಶಿನ ನೀರಿನಲ್ಲಿ ಮೀಯಿಸಿದೆವು. ಸ್ಯಾನಿಟೈಸರ್ ಬಾಟಲಿ ಇಟ್ಟುಕೊಂಡದ್ದು ಬ್ಯಾಗಿನೊಳಗೆ. ಬ್ಯಾಗಿಗೆ ಅದರ ಒಂದು ಹನಿಯೂ ತಾಗಲಿಲ್ಲ.

ಅಧ್ಯಾಯ ಎರಡು: ಪೂರ್ವಸೂರಿಗಳು ಮತ್ತು ಮಾನದಂಡದ ಸಮಸ್ಯೆ

ಸೋಂಕು ಬಟ್ಟೆಬರೆ ಮುಂತಾದ ಜಡವಸ್ತುಗಳ ಸವಾರಿ ಮಾಡಿಯೂ ಬರುತ್ತದೆಂದು ಇಟಲಿಯ ಫ್ರಕಾಸ್ಟೊರೊ 1546ರಲ್ಲೇ ಬರೆದಿಟ್ಟ. ಆ ಸವಾರರನ್ನು ಕಣ್ಣಾರೆ ಕಾಣಲು ಡೆಲ್ಫ್ಟ್ ಪೇಟೆಯ ಜವಳಿ ವ್ಯಾಪಾರಿ ಲೇವನ್‌ಹುಕ್ ಮಸೂರ ಉಜ್ಜಬೇಕಾಯಿತು. ಹಲ್ಲಿನ ಸಂದಿಯ ಕೊಳೆಯಲ್ಲಿ ಕುಣಿಯುವ ಜೀವಿಗಳ ವಿಚಾರವನ್ನು ಅವನು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದದ್ದು 1683ರಲ್ಲಿ. ಜವಳಿ ಅಂಗಡಿಯವನಾಗಿ ಅಂಗಡಿಯ ಚೀಲವನ್ನೊಮ್ಮೆ ಮಸೂರದಡಿ ಹಿಡಿದಿದ್ದರೆ ನಮ್ಮ ಶಾಸ್ತ್ರ ಇನ್ನೂರು ವರ್ಷ ಮುಂದಿರುತ್ತಿತ್ತು. ಮುಂದೆ 1881ರಲ್ಲಿ ಫ್ಯಾನಿ ಹೆಸ್ಸೆ ಎಂಬ ಗೃಹಿಣಿ, ಸೆಕೆಗೆ ಕರಗಿ ಹೋಗುತ್ತಿದ್ದ ಜೆಲಟಿನ್ ಬದಲು ತನ್ನ ಅಡುಗೆಮನೆಯ ಅಗರ್ ಬಳಸಿ ನೋಡಿ ಎಂದು ಗಂಡನಿಗೆ ಹೇಳಿದಳು. ಗಂಡ ದುಡಿಯುತ್ತಿದ್ದದ್ದು ರಾಬರ್ಟ್ ಕೋಕ್‌ರ ಪ್ರಯೋಗಾಲಯದಲ್ಲಿ. ಇವತ್ತಿಗೂ ಜಗತ್ತಿನ ಲ್ಯಾಬುಗಳಲ್ಲಿ ಸೂಕ್ಷ್ಮಜೀವಿಗಳಿಗೆ ಎಲೆ ಹಾಕುವುದು ಅದರ ಮೇಲೆಯೇ.

ಬ್ಯಾಗಿಗೇ ಮೀಸಲಾದ ಸಾಹಿತ್ಯ ಇತ್ತೀಚಿನದು. ಮಾರಿಷಸ್ಸಿನ ಸಂಶೋಧಕರು 145 ಬ್ಯಾಗು-ಪರ್ಸುಗಳನ್ನು ಒರೆಸಿ ನೋಡಿ 2015ರಲ್ಲಿ ಪ್ರಕಟಿಸಿದ ಪ್ರಕಾರ ಅವುಗಳಲ್ಲಿ ಶೇ. 95ರಲ್ಲಿ ಬ್ಯಾಕ್ಟೀರಿಯಾ ಇದ್ದವು, ಸಿಂಥೆಟಿಕ್ ಬ್ಯಾಗಿನಲ್ಲಿ ಹೆಚ್ಚು. 80 ಹೆಂಗಸರದು, 65 ಗಂಡಸರದು. ಈ ಕೊನೆಯ ಅಂಕಿಯ ಗೋಜಿಗೆ ನಾವು ಸದ್ಯ ಹೋಗುವುದಿಲ್ಲ. ಬ್ರಿಟನ್ನಿನ ಇನಿಶಿಯಲ್ ವಾಶ್‌ರೂಮ್ ಹೈಜೀನ್ ಸಂಸ್ಥೆ 2013ರಲ್ಲಿ ಐದರಲ್ಲಿ ಒಂದು ಬ್ಯಾಗಿನ ಹಿಡಿ ಆರೋಗ್ಯಕ್ಕೆ ಅಪಾಯವಾಗುವಷ್ಟು ಕೊಳೆ ಎಂದು ಸಾರಿ, ಕಮೋಡಿನ ಸೀಟಿಗಿಂತ ಕಡೆ ಎಂದು ಒಗ್ಗರಣೆಯನ್ನೂ ಹಾಕಿತು. ಅದು ಕೈತೊಳೆಯುವ ಸಾಮಾನು ಒದಗಿಸುವ ಸಂಸ್ಥೆಯೆಂಬುದನ್ನು ಓದುಗರು ನೆನಪಿನಲ್ಲಿ ಇಟ್ಟುಕೊಂಡರೆ ಸಾಕು.

ಇಲ್ಲಿಯೇ ಮಾನದಂಡದ ತೊಡಕು. ಪಾಶ್ಚಾತ್ಯರು ಭಾರಕ್ಕೆ ಕಿಲೋ, ದೂರಕ್ಕೆ ಮೀಟರ್, ಕೊಳೆಗೆ ಕಮೋಡು ಎಂದು ನಿಗದಿ ಮಾಡಿಕೊಂಡಿದ್ದಾರೆ. ಮೊಬೈಲು ಇಷ್ಟು ಕಮೋಡು, ಕಂಪ್ಯೂಟರ್ ಕೀಲಿಮಣೆ ಅಷ್ಟು ಕಮೋಡು. ಅಸಲಿಗೆ ಕಮೋಡಿನ ಸೀಟು ಮನೆಯ ಸ್ವಚ್ಛ ಜಾಗಗಳಲ್ಲಿ ಒಂದು, ಜನ ಅದನ್ನು ಹೆದರಿ ಹೆದರಿ ತಿಕ್ಕುತ್ತಾರಲ್ಲ. ಅಡುಗೆಮನೆಯ ಪಾತ್ರೆ ಉಜ್ಜುವ ಸ್ಪಂಜು ಅದನ್ನು ಎಷ್ಟೋ ಪಟ್ಟು ಮೀರಿಸುತ್ತದೆ. ಅದು ಹಾಗಿರಲಿ. ಅಮಾಸೆಬೈಲಿನಲ್ಲಿ ಕುಕ್ಕರಗಾಲಿನಲ್ಲಿ ಕೂರುವ ಪಾಯಿಖಾನೆ ಇರುವ ಮನೆಗಳು ಬೇಕಾದಷ್ಟು. ಸೀಟೇ ಇಲ್ಲದಲ್ಲಿ ಈ ಮಾನವನ್ನು ಜಾರಿಗೆ ತರುವುದು ಹೇಗೆ? ಸ್ಥಳೀಯ ಮಾನವೊಂದನ್ನು ಸರಕಾರ ಆದಷ್ಟು ಬೇಗ ಘೋಷಿಸಬೇಕು.

ಅಧ್ಯಾಯ ಮೂರು: ಮೂಲಗೇಣಿ, ಚಾಲಗೇಣಿ, ಕುಮ್ಕಿ

ಇದು ಪ್ರಬಂಧದ ಹೃದಯ. ಅಮೆರಿಕದ ಶಸ್ತ್ರವೈದ್ಯ ಪ್ರೈಸ್ 1938ರಲ್ಲಿ ಚರ್ಮದ ಬ್ಯಾಕ್ಟೀರಿಯಾಗಳನ್ನು ಎರಡು ಬಗೆ ಮಾಡಿದರು: ಖಾಯಂ ವಾಸದವು, ಬಂದು ಹೋಗುವವು. ಪಾಪ, ಅವರಿಗೆ ನಮ್ಮ ಜಿಲ್ಲೆಯ ಗೇಣಿ ಪದ್ಧತಿಯ ಪರಿಚಯವಿರಲಿಲ್ಲ, ಇದ್ದಿದ್ದರೆ ಇಷ್ಟು ಶ್ರಮ ಬೇಕಿರಲಿಲ್ಲ. ಖಾಯಂ ವಾಸದವರು ಮೂಲಗೇಣಿಯವರು, ಬಂದು ಹೋಗುವವರು ಚಾಲಗೇಣಿಯವರು.

ಸ್ಟ್ಯಾಫಿಲೊಕಾಕಸ್ ಎಪಿಡರ್ಮಿಡಿಸ್, ಮೈಕ್ರೊಕಾಕಸ್ ಮೊದಲಾದವು ನಮ್ಮ ಅಂಗೈಯ ಮೂಲಗೇಣಿದಾರರು. ಕೈಯಿಂದ ಬ್ಯಾಗಿನ ಹಿಡಿಗೆ ದಾಟಿಕೊಳ್ಳುತ್ತವೆ. ಸಾಧು ಜನ, ತಂಟೆಗೆ ಹೋಗದಿದ್ದರೆ ತಂಟೆ ಮಾಡುವುದಿಲ್ಲ. ಬಾಸಿಲಸ್ ಎಂಬ ಒಕ್ಕಲಿನ ಪಟ್ಟು ಬೇರೆ. ನೀರು ಆಹಾರ ನಿಂತರೆ ಚಿಪ್ಪು ಕಟ್ಟಿಕೊಂಡು ಮಲಗಿ, ಒಳ್ಳೆಯ ಕಾಲ ಬಂದಾಗ ಎದ್ದು ‘ನಾವು ಇಲ್ಲೇ ಇದ್ದೆವು’ ಎನ್ನುತ್ತದೆ. ಚಾಲಗೇಣಿಯವರು ಹಾಗಲ್ಲ. ಮಲದಿಂದ ಬರುವ ಇ. ಕೋಲಿ, ಗಾಯ ಕೀವಾಗಿಸುವ ಸ್ಟ್ಯಾಫಿಲೊಕಾಕಸ್ ಆರಿಯಸ್ ಇವೆಲ್ಲ ಇವತ್ತಿನ ನೆಲ, ನಾಳೆಯ ಬೆಂಚು, ನಾಡಿದ್ದಿನ ನೋಟಿನಿಂದ ಹತ್ತಿದವು. ಚಾಲಗೇಣಿಯೆಂದರೆ ಬೇಗ ಎದ್ದು ಹೋದಾರು ಎಂಬ ಭ್ರಮೆ ಬೇಡ. 2006ರ ಒಂದು ಸಮೀಕ್ಷಾ ಲೇಖನದ ಪ್ರಕಾರ ಸ್ಟ್ಯಾಫಿಲೊಕಾಕಸ್ ಆರಿಯಸ್ ಒಣ ಮೇಲ್ಮೈಯ ಮೇಲೆ 7 ದಿನದಿಂದ 7 ತಿಂಗಳವರೆಗೆ ಜೀವ ಹಿಡಿದುಕೊಂಡಿರಬಲ್ಲದು. ಮುಂಗಾರಿಗೆ ಹತ್ತಿದ್ದು ಯಕ್ಷಗಾನದ ಮಂದಾರ್ತಿ ಮೇಳ ತಿರುಗಾಟಕ್ಕೆ ಹೊರಡುವುದನ್ನು ನೋಡಿಯೇ ಹೋದೀತು.

ಇನ್ನು ಕುಮ್ಕಿ. ವರ್ಗಭೂಮಿಯ, ಅಂದರೆ ಪಟ್ಟಾ ಜಮೀನಿನ, ಅಂಚಿನಿಂದ ನೂರು ಗಜದವರೆಗಿನ ಸರಕಾರಿ ಜಾಗದಲ್ಲಿ ಸೊಪ್ಪು ಸೌದೆಯ ಸವಲತ್ತು ವರ್ಗದಾರನಿಗೆ. ಒಡೆತನ ಮಾತ್ರ ಅವನದಲ್ಲ. ಬ್ಯಾಗಿನ ಹೊರ ಕಿಸೆ, ಹಿಡಿ ಮತ್ತು ತಳ ಅಪ್ಪಟ ಕುಮ್ಕಿ. ಒದ್ದೆ ಕೊಡೆ ತುರುಕುವುದು ಅಲ್ಲಿ, ಕಂಡಕ್ಟರ್ ಕೊಟ್ಟ ಚಿಲ್ಲರೆ ಹಾಕುವುದು ಅಲ್ಲಿ, ಸ್ವಚ್ಛ ಮಾಡುವ ಜವಾಬ್ದಾರಿ ಬಂದಾಗ ಅದು ಯಾರದೂ ಅಲ್ಲ.

ಪೇಟೆಯ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಒಂದು ಬ್ಯಾಗಿನ ಸ್ಥಳತನಿಖೆ ವಾರಸುದಾರರ ಒಪ್ಪಿಗೆಯ ಮೇಲೆಯೇ ನಡೆಯಿತು. ಕಂದು ಬಣ್ಣದ ರೆಕ್ಸಿನ್. ಜಿಪ್ಪಿನ ನಾಲಗೆ ಹೋಗಿ ಅಲ್ಲಿ ಪಿನ್ನು. ಭುಜದ ಪಟ್ಟಿಯ ರೆಕ್ಸಿನ್ ಸಿಪ್ಪೆ ಎದ್ದು ಒಳಗಿನ ಬಟ್ಟೆಯ ನೂಲು ಕಾಣುತ್ತಿದೆ; ನಮ್ಮ ತೇವದ ಹವೆಗೆ ಮೇಲಿನ ಪ್ಲಾಸ್ಟಿಕ್ ಲೇಪ ಒಡೆಯುವುದೇ ಹೀಗೆ. ಆ ಸಿಪ್ಪೆಯ ಸಂದಿಯಲ್ಲಿ ಬೆವರಿನ ಕರಿ ಗೆರೆ. ಒಳಗೆ ಪ್ಲಾಸ್ಟಿಕ್ ಕವರಿನಲ್ಲಿ ಆಧಾರ್ ಕಾರ್ಡು. 2023ರ ಜೂನ್ 11ರಿಂದ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲವಷ್ಟೆ, ಅದಕ್ಕಾಗಿ ಇಟ್ಟದ್ದು. ಓಡಾಡುವವು ಬಹುಪಾಲು ಖಾಸಗಿ ಬಸ್ಸುಗಳಾದ್ದರಿಂದ ಕಾರ್ಡು ಹೊಸದಾಗಿಯೇ ಇದೆ. ಬಾಯಿ ಬಿಚ್ಚಿದ ಗ್ಲೂಕೋಸ್ ಬಿಸ್ಕತ್ತಿನ ಪೊಟ್ಟಣ. ಬಾಳೆಲೆಯ ತುಂಡಿನಲ್ಲಿ ಸುತ್ತಿದ ಗಂಧಪ್ರಸಾದ, ಇನ್ನೂ ಹಸಿ. ಅರ್ಧ ಕವಳ. ಕೂದಲು ಸಿಕ್ಕಿದ ಬಾಚಣಿಗೆ. ಮೊಮ್ಮಗನ ಮೂಗು ಒರೆಸಿದ ಕರವಸ್ತ್ರ. ನಾಲ್ಕಾಗಿ ಮಡಚಿದ ಹತ್ತರ ನೋಟುಗಳು. ದೆಹಲಿಯ ವಿಜ್ಞಾನಿಗಳು ಅಲ್ಲಿಯ ಬೀದಿ ವ್ಯಾಪಾರಿಗಳಿಂದ ತಂದ ನೋಟುಗಳಲ್ಲಿ ರೋಗಕಾರಕಗಳ ಡಿಎನ್‌ಎ ಗುರುತು ಕಂಡು 2015ರಲ್ಲಿ ವರದಿ ಮಾಡಿದ್ದರು. ನೋಟಿನಲ್ಲಿ ಕಂಡ ಜೀವಿಗಳಲ್ಲಿ ಶಿಲೀಂಧ್ರಗಳ ಪಾಲು ದೊಡ್ಡದು. ಬಿಸ್ಕತ್ತಿನ ಪುಡಿ ಆಹಾರ, ಗಂಧ ನೀರಾವರಿ, ಕರವಸ್ತ್ರ ಬಿತ್ತನೆ. ಮೂರು ಬೆಳೆ ತೆಗೆಯುವ ಬೈಲುಗದ್ದೆಗೂ ಇಷ್ಟು ಅನುಕೂಲವಿಲ್ಲ.

ಅಧ್ಯಾಯ ನಾಲ್ಕು: ಬ್ಯಾಗಿನಿಂದ ಸತ್ತವರ ಪಟ್ಟಿ

ದೊರಕಿಲ್ಲ.

ಅಧ್ಯಾಯ ಐದು: ವಾಂತಿಯಾದವರ ವೃತ್ತಾಂತ

ಸತ್ತವರಿಲ್ಲ ಎಂದಾಕ್ಷಣ ಒಕ್ಕಲುಗಳು ಗೆದ್ದವು ಎನ್ನುವಂತಿಲ್ಲ. 2010ರ ಅಕ್ಟೋಬರಿನಲ್ಲಿ ಅಮೆರಿಕದ ಆರೆಗಾನಿನ ಬಾಲಕಿಯರ ಫುಟ್‌ಬಾಲ್ ತಂಡ ಪಕ್ಕದ ರಾಜ್ಯಕ್ಕೆ ಆಡಲು ಹೋಯಿತು. ಹೋಟೆಲಿನ ಬಚ್ಚಲಿನಲ್ಲಿ ಒಂದು ಸಾಮಾನಿನ ಚೀಲ, ಅದರಲ್ಲಿ ತಿಂಡಿ. ಹೊಟ್ಟೆ ಕೆಟ್ಟ ಹುಡುಗಿಯೊಬ್ಬಳು ರಾತ್ರಿ ಆ ಬಚ್ಚಲಿಗೆ ಹೋಗಿ ಬಂದಳು. ಚೀಲವನ್ನು ಅವಳು ಮುಟ್ಟಿರಲಿಲ್ಲ. ವಾಂತಿಯ ಕಣ್ಣಿಗೆ ಕಾಣದ ಹನಿಗಳು ಗಾಳಿಯಲ್ಲಿ ಹೋಗಿ ಅದರ ಮೇಲೆ ಕೂತವು. ಅವಳನ್ನು ಮನೆಗೆ ಕಳಿಸಿದ ಮೇಲೆ ಉಳಿದವರು ಚೀಲದ ತಿಂಡಿ ತಿಂದು ಸಾಲಾಗಿ ಮಲಗಿದರು. ನೊರೊವೈರಸ್ಸಿನ ಜಾಡು ಚೀಲದವರೆಗೂ ಹೋಯಿತೆಂದು 2012ರಲ್ಲಿ ಲೇಖನ ಬಂತು. ಬಚ್ಚಲ ಬಾಗಿಲಿನ ಮೊಳೆಗೆ ಬ್ಯಾಗು ನೇತುಹಾಕುವವರು ಇದನ್ನು ಎರಡು ಸಲ ಓದಬೇಕು.

ಅಧ್ಯಾಯ ಆರು: ಒಕ್ಕಲೆಬ್ಬಿಸುವ ಕ್ರಮ

ಇದರಲ್ಲಿ ಪಂಥಭೇದವಿದೆ. ಒರೆಸುವ ಪಂಥದವರು ಒದ್ದೆ ಬಟ್ಟೆ, ಎರಡು ಹನಿ ಸೋಪಿನ ನೀರು, ಆಮೇಲೆ ಒಣ ಬಟ್ಟೆ ಎನ್ನುತ್ತಾರೆ. ಚರ್ಮಕ್ಕೂ ರೆಕ್ಸಿನ್ನಿಗೂ ಇದೇ ಸರಿ. ಮುಳುಗಿಸಿದರೆ ಒಕ್ಕಲಿನ ಜೊತೆ ಭೂಮಿಯೂ ಹೋಗುತ್ತದೆ. ತೊಳೆಯುವ ಪಂಥ ಬಟ್ಟೆ ಚೀಲದವರದು. ಕ್ಯಾಲಿಫೋರ್ನಿಯಾ, ಅರಿಜೋನಾಗಳಲ್ಲಿ ದಿನಸಿ ಚೀಲಗಳನ್ನು ಪರೀಕ್ಷಿಸಿದ 2011ರ ಲೇಖನವೊಂದು ಬರೇ ತೊಳೆದರೆ ಶೇ. 99.9ರಷ್ಟು ಬ್ಯಾಕ್ಟೀರಿಯಾ ಹೋಗುತ್ತವೆ ಎಂದಿದೆ; ತೊಳೆಯುವವರು ಮಾತ್ರ ಸಿಕ್ಕಿದ್ದು ಅಪರೂಪ. ನಮ್ಮಲ್ಲಿ ಮದುವೆಗೆ ಹೋದಲ್ಲೆಲ್ಲ ತೆಂಗಿನಕಾಯಿಯ ಜೊತೆ ವಧೂವರರ ಹೆಸರು ಅಚ್ಚಾದ ಚೀಲ ಸಿಗುತ್ತದೆ. ಆ ಜೋಡಿಯ ಮಗು ಶಾಲೆಗೆ ಹೋದರೂ ಚೀಲ ನೀರು ಕಂಡಿರುವುದಿಲ್ಲ. ಮೂರನೆಯದು ಸ್ಪ್ರೇ ಪಂಥ. ಅವರಿಗೆ ತಿಳಿಯಬೇಕಾದ್ದು ಎರಡು: ಶೇ. 70ರ ಆಲ್ಕೋಹಾಲು ಅಪ್ಪಟ ಆಲ್ಕೋಹಾಲಿಗಿಂತ ಚೆನ್ನಾಗಿ ಕೊಲ್ಲುತ್ತದೆ, ನೀರಿನ ಸಹಾಯವಿಲ್ಲದೆ ಅದರ ಕೆಲಸ ಕೈಗೂಡದು. ಮತ್ತು ಮೇಲೆ ಹೇಳಿದ ನೊರೊವೈರಸ್ ಅದಕ್ಕೆ ಕ್ಯಾರೇ ಅನ್ನುವುದಿಲ್ಲ, ಸೋಪು ನೀರು ಹಾಕಿ ಉಜ್ಜಿಯೇ ಕಳಿಸಬೇಕು.

ಎಲ್ಲ ಪಂಥಗಳೂ ಒಪ್ಪುವ ಸೂತ್ರವೊಂದಿದೆ: ಮೊದಲು ಬ್ಯಾಗನ್ನು ಬರಿದು ಮಾಡಿ, ಒಳಗಿನ ಅಸ್ತರು ಹೊರಗೆಳೆದು ಅಂಗಳದಲ್ಲಿ ಕೊಡವಿ, ಕೊನೆಗೆ ಬಿಸಿಲಿಗೆ ಒಣಗಿಸಿ. ಸೂತ್ರ ಬರೆದವರು ಜುಲೈ ತಿಂಗಳಲ್ಲಿ ಅಮಾಸೆಬೈಲಿಗೆ ಬಂದಿರಲಿಕ್ಕಿಲ್ಲ. ಆ ಕಾಲದಲ್ಲಿ ಇಲ್ಲಿ ಗೋಡೆಯೇ ಬೆವರುತ್ತದೆ, ಬೀರುವಿನಲ್ಲಿಟ್ಟ ಚರ್ಮದ ಬೆಲ್ಟಿಗೆ ಹಸಿರು ಬೂಷ್ಟು ಹಿಡಿಯುತ್ತದೆ, ಬ್ಯಾಕ್ಟೀರಿಯಾ ಹೋದ ಜಾಗಕ್ಕೆ ಶಿಲೀಂಧ್ರ ದರ್ಖಾಸ್ತು ಹಾಕುತ್ತದೆ. ಉಳಿಯುವುದು ಬಚ್ಚಲೊಲೆ. ಹಂಡೆಯ ಮೇಲ್ಗಡೆ ಹಗ್ಗಕ್ಕೆ ನೇತುಹಾಕಿದರೆ ಬ್ಯಾಗು ಒಣಗುತ್ತದೆ. ಹೊಗೆಯ ವಾಸನೆ ಹಿಡಿದ ಬ್ಯಾಗು ಬಸ್ಸು ಹತ್ತಿದರೆ ಪಕ್ಕದ ಸೀಟಿನವರು ‘ನಿಮ್ಮಲ್ ಅಡಿಕೆ ಸುಲ್ದಾಯ್ತಾ’ ಎಂದು ಮಾತಿಗೆ ಶುರು ಮಾಡುವುದುಂಟು.

ಇಷ್ಟನ್ನೂ ಕಟ್ಟೆಯ ಮೇಲೆ ಕೂತ ಕಂದು ಬ್ಯಾಗಿನ ವಾರಸುದಾರರ ಮುಂದೆ ಸವಿಸ್ತಾರವಾಗಿ ಮಂಡಿಸಲಾಯಿತು. ಅವರು ಕವಳದ ಉಳಿದರ್ಧವನ್ನು ಬಾಯಿಗೆ ಹಾಕಿಕೊಂಡು ಕೇಳಿದರು. ‘ತೊಳುಕ್ ಅಡ್ಡಿಲ್ಲೆ. ಅದ್ ಒಣ್ಗುವರಿಗೆ ನಾನ್ ಎಂತ ಹಿಡ್ಕಂಡ್ ಹೋಪುದ್?’ ಎಂದರು. ಪ್ರಶ್ನೆ ಗಂಭೀರವಾದ್ದರಿಂದ ಟಿಪ್ಪಣಿ ಮಾಡಿಕೊಳ್ಳಲಾಯಿತು. ಬಳಿಕ ಅವರು ಸಂಶೋಧಕನ ಪ್ಯಾಂಟಿನ ಹಿಂದಿನ ಕಿಸೆಯ ಕಡೆ ಬೆರಳು ತೋರಿಸಿದರು. ‘ಹ್ವಾಯ್, ನಿಮ್ ಪರ್ಸ್ ಒಂದ್ ತೆಗಿನಿ ಕಾಂಬ.’

ಗಂಡಸರು ದಿನವಿಡೀ ಮೇಲೆ ಕೂರುವ, ಬೆವರಿಗೆ ಬೆಂದು ಕಿಸೆಯ ಆಕಾರಕ್ಕೆ ಬಗ್ಗಿದ ಆ ಚರ್ಮದ ವಸ್ತು ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ. ಅಷ್ಟರಲ್ಲಿ ಸಿದ್ದಾಪುರದ ಬಸ್ಸೂ ಬಂತು.